ಪ್ರಶಂಸೆಯ ಪದಕ್ಕೊಂದು ಬೆಲೆ

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಂಗ್ಲಿಷಿನಲ್ಲಿ ಬರೆದು ಓದುವ ಸಂಘದ ವರದಿಗಳನ್ನು ಗಮನವಿಟ್ಟು ಕೇಳಿದವರಿಗೆ ಒಂದು ಸಂಗತಿ ಹೊಳೆದೇ ಇರುತ್ತದೆ. ಉದ್ಘಾಟನಾ ಭಾಷಣ ‘ಎಕ್ಸಲೆಂಟ್’, ಚರ್ಚಾಸ್ಪರ್ಧೆ ‘ವೆರಿ ಎಕ್ಸಲೆಂಟ್’, ನಾಟಕ ‘ಮ್ಯಾಗ್ನಿಫಿಸೆಂಟ್’, ಪ್ರವಾಸ ‘ವಂಡರ್‌ಫುಲ್’, ಕೊನೆಗೆ ಹಂಚಿದ ಉಪ್ಪಿಟ್ಟು ಕಾಫಿಯೂ ‘ಮ್ಯಾಗ್ನಿಫಿಸೆಂಟ್’. ವರದಿ ಮುಗಿದ ಮೇಲೆ, ಆಡಿದ ನಾಟಕ ಯಾವುದು, ಅದರಲ್ಲಿ ಯಾರ ಅಭಿನಯ ಮನಸ್ಸಿನಲ್ಲಿ ನಿಂತಿತು ಎಂದು ಕೇಳಿದರೆ ಸಭಿಕರಿಗೆ ತಿಳಿಯದು. ಎಲ್ಲವನ್ನೂ ಒಂದೇ ಸಮನೆ ಹೊಗಳಿದ್ದರಿಂದ ಯಾವುದನ್ನೂ ಹೊಗಳಿದಂತಾಗಲಿಲ್ಲ. ಉಪ್ಪಿಟ್ಟಿಗೂ ನಾಟಕಕ್ಕೂ ಒಂದೇ ಬಿರುದು ಸಂದರೆ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ರಂಗವೇರಿದವರಿಗೆ ಅನ್ಯಾಯವಾಯಿತೆಂದೇ ಹೇಳಬೇಕು.

ಇದು ನಮ್ಮ ಇಂಗ್ಲಿಷಿನ ಕೊರತೆಯಲ್ಲ; ಪದಗಳ ಬೆಲೆಯನ್ನು ಅರಿಯದೆ ವ್ಯಯಮಾಡುವ ಅಭ್ಯಾಸ. ಆದ್ದರಿಂದ ಹೊಗಳಿಕೆಯ ಬಲವಾದ ಗುಣವಾಚಕಗಳನ್ನು ಇಂಗ್ಲಿಷಿನಲ್ಲಿ ಬಳಸುವ ಬಗೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡೋಣ.

ಮೊದಲು ವ್ಯಾಕರಣದ ಮಾತು. ಇಂಗ್ಲಿಷಿನ ಗುಣವಾಚಕಗಳಲ್ಲಿ ಸೌಮ್ಯವಾದುವು ಕೆಲವು, ತೀವ್ರವಾದುವು ಕೆಲವು. ‘ಗುಡ್’ ಎಂಬುದು ಸೌಮ್ಯ. ಅದಕ್ಕೆ ‘ವೆರಿ’ ಸೇರಿಸಿ ಹೆಚ್ಚಿಸಬಹುದು, ‘ಫೇರ್‌ಲಿ’ ಸೇರಿಸಿ ತಗ್ಗಿಸಬಹುದು. ‘ಎಕ್ಸಲೆಂಟ್’, ‘ಸೂಪರ್ಬ್’, ‘ಮ್ಯಾಗ್ನಿಫಿಸೆಂಟ್’ ಮೊದಲಾದುವು ಹಾಗಲ್ಲ. ‘ವೆರಿ’ ಎಂಬುದರ ಅರ್ಥ ಅವುಗಳ ಹೊಟ್ಟೆಯಲ್ಲಿಯೇ ಅಡಗಿದೆ. ಆದಕಾರಣ ‘ವೆರಿ ಎಕ್ಸಲೆಂಟ್’ ಎಂದು ಬರೆದರೆ ಇಂಗ್ಲಿಷ್ ಬಲ್ಲವರ ಕಿವಿಗೆ ಅದು ‘ಬಹಳ ಅತ್ಯುತ್ತಮ’ ಎಂದಂತೆ ಕೇಳುತ್ತದೆ. ಒತ್ತು ಬೇಕೇ ಬೇಕೆಂದರೆ ‘ಟ್ರೂಲಿ’ ಅಥವಾ ‘ಅಬ್ಸಲ್ಯೂಟ್‌ಲಿ’ ಎಂಬುದನ್ನು ಸೇರಿಸುವ ರೂಢಿಯುಂಟು. ಆದರೆ ಊರುಗೋಲನ್ನು ಕೇಳುವ ಬಲಶಾಲಿಯನ್ನು ಯಾರು ನಂಬುತ್ತಾರೆ? ‘ಯೂನೀಕ್’ ಎಂಬ ಪದದ ವಿಷಯದಲ್ಲಂತೂ ಇನ್ನಷ್ಟು ಎಚ್ಚರ ಬೇಕು. ‘ಒಂದು’ ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಆ ಪದಕ್ಕೆ ‘ತನ್ನಂಥದು ಮತ್ತೊಂದಿಲ್ಲದ್ದು’ ಎಂದು ಅರ್ಥ. ಇರುವುದೇ ಒಂದಾದ ಮೇಲೆ ಅದರಲ್ಲಿ ಹೆಚ್ಚು ಕಡಮೆಯೆಲ್ಲಿ?

ಎರಡನೆಯದು, ಪದದ ಅಳತೆ. ಒಂದೊಂದು ಪ್ರಶಂಸಾಪದವೂ ಒಂದೊಂದು ಬಗೆಯ ವಸ್ತುವಿಗೆ ಹೊಲಿದ ಅಂಗಿಯಂತೆ. ‘ಮ್ಯಾಗ್ನಿಫಿಸೆಂಟ್’ ಎಂಬುದರ ಮೂಲದಲ್ಲಿ ದೊಡ್ಡದಾಗಿ ಮಾಡುವುದೆಂಬ ಭಾವವಿದೆ. ಗಾತ್ರವೂ ವೈಭವವೂ ಕೂಡಿದ ಎಡೆಗೆ ಅದು ಒಪ್ಪುತ್ತದೆ. ‘ಎಕ್ಸ್‌ಕ್ವಿಸಿಟ್’ ಎಂಬುದರ ಮೂಲದಲ್ಲಿ ಅರಸಿ ಆರಿಸಿ ತೆಗೆದದ್ದೆಂಬ ಭಾವವಿದೆ. ಕಣ್ಣನ್ನು ಹತ್ತಿರ ಒಯ್ದು ನೋಡಬೇಕಾದ ನಯವಾದ ಕುಸುರಿಗೆ ಅದು ಒಪ್ಪುತ್ತದೆ. ‘ಬ್ರಿಲಿಯಂಟ್’ ಎಂಬುದರಲ್ಲಿ ಹೊಳಪಿದೆ. ವಜ್ರಕ್ಕೂ ಸಲ್ಲುತ್ತದೆ, ಚುರುಕಾದ ಬುದ್ಧಿಗೂ ಸಲ್ಲುತ್ತದೆ. ನಮ್ಮ ವಿದ್ಯಾರ್ಥಿಗಳು ಪ್ರವಾಸ ಪ್ರಬಂಧಗಳಲ್ಲಿ ಮತ್ತೆ ಮತ್ತೆ ವರ್ಣಿಸುವ ಎರಡು ಸ್ಥಳಗಳನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಸುಮಾರು ೮೩೦ ಅಡಿ ಎತ್ತರದಿಂದ ಧುಮುಕುವ ಜೋಗದ ಶರಾವತಿ ‘ಮ್ಯಾಗ್ನಿಫಿಸೆಂಟ್’. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದು ನಿಂತಿರುವ ಮದನಿಕೆಯ ಆಭರಣಗಳ ಕೆತ್ತನೆ ‘ಎಕ್ಸ್‌ಕ್ವಿಸಿಟ್’. ಈ ಎರಡು ಪದಗಳನ್ನು ಅದಲು ಬದಲು ಮಾಡಿದರೆ, ಬರೆದವನು ಜೋಗವನ್ನೂ ನೋಡಿಲ್ಲ, ಬೇಲೂರನ್ನೂ ನೋಡಿಲ್ಲ ಎಂದು ಓದುವವರಿಗೆ ಸಂಶಯ ಬರುವುದು ಸಹಜ.

ಮೂರನೆಯದು, ಪದಗಳ ಸವಕಳಿ. ನಾಣ್ಯ ಕೈಯಿಂದ ಕೈಗೆ ಹೋಗಿ ಸವೆಯುವಂತೆ ಪದವೂ ಬಾಯಿಂದ ಬಾಯಿಗೆ ಹೋಗಿ ಸವೆಯುತ್ತದೆ. ‘ನೈಸ್’ ಎಂಬ ಪದದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಲ್ಯಾಟಿನ್ ಮೂಲಕ್ಕೆ ‘ಅರಿಯದವನು’ ಎಂದು ಅರ್ಥ. ಇಂಗ್ಲಿಷಿಗೆ ಬಂದ ಹೊಸತರಲ್ಲಿ ಅದು ಮೂರ್ಖನನ್ನು ಹೇಳುತ್ತಿತ್ತು. ಮುಂದೆ ‘ಸೂಕ್ಷ್ಮವಾದ’, ‘ನಿಖರವಾದ’ ಎಂಬ ಅರ್ಥಗಳನ್ನು ಪಡೆದು, ಹದಿನೆಂಟನೆಯ ಶತಮಾನದಲ್ಲಿ ‘ಹಿತವಾದ’ ಎಂಬ ಅರ್ಥಕ್ಕೆ ಬಂದು ನಿಂತಿತು. ಕೊನೆಗೆ ಎಲ್ಲಕ್ಕೂ ಸಲ್ಲುವ ಪದವಾಗಿ ಏನನ್ನೂ ಹೇಳಲಾರದಾಯಿತು. ೧೮೧೭ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ನಾರ್ಥ್ಯಾಂಗರ್ ಆಬಿ’ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬ ತರುಣನು, ಪುಸ್ತಕವೊಂದನ್ನು ‘ನೈಸ್’ ಎಂದ ನಾಯಿಕೆಯನ್ನು ಇದೇ ಕಾರಣಕ್ಕಾಗಿ ಹಾಸ್ಯಮಾಡುತ್ತಾನೆ. ‘ಟೆರಿಫಿಕ್’ ಎಂಬುದು ಮೊದಲು ‘ಭಯಂಕರ’ ಎಂಬ ಅರ್ಥದ್ದು. ಈಗ ಬರಿಯ ಮೆಚ್ಚುಗೆ. ಭಯಭಕ್ತಿಯೆಂಬ ಅರ್ಥದ ಒಂದೇ ಬೇರಿನಿಂದ ಚಿಗುರಿದ ‘ಆಫುಲ್’ ಮತ್ತು ‘ಆಸಮ್’ ಎಂಬ ಪದಗಳ ಗತಿಯೂ ವಿಚಿತ್ರವಾದುದೇ. ಮೊದಲನೆಯದು ನಿಂದೆಯಾಗಿ ಇಳಿಯಿತು. ಎರಡನೆಯದು ಇಂದು ಅಂಗಿಯ ಬಣ್ಣಕ್ಕೂ ಚಹದ ರುಚಿಗೂ ಸಲ್ಲುತ್ತಿದೆ. ನಿಜವಾಗಿ ಭಯಭಕ್ತಿ ಹುಟ್ಟಿಸುವುದೊಂದು ಎದುರಾದಾಗ ನಾವು ಯಾವ ಪದವನ್ನು ಹುಡುಕುವುದು? ಇಂಗ್ಲಿಷ್ ಲೇಖಕ ಸಿ. ಎಸ್. ಲೂಯಿಸ್ ೧೯೫೬ರಲ್ಲಿ ಒಬ್ಬ ಬಾಲಕಿಗೆ ಬರೆದ ಪತ್ರದಲ್ಲಿ ಇದನ್ನೇ ಎಚ್ಚರಿಸಿದ್ದನು. ಸಣ್ಣ ವಿಷಯಕ್ಕೆ ದೊಡ್ಡ ಪದವನ್ನು ಸುರಿದುಬಿಟ್ಟರೆ ದೊಡ್ಡ ವಿಷಯ ಬಂದಾಗ ಪದ ಉಳಿದಿರುವುದಿಲ್ಲವೆಂಬುದು ಅವನ ಸಲಹೆಯ ಒಂದು ಭಾಗ. ಓದುವವರಲ್ಲಿ ಯಾವ ಭಾವ ಮೂಡಬೇಕೋ ಅದರ ಹೆಸರನ್ನು ಹೇಳಿ ಸುಮ್ಮನಾಗಬೇಡ, ಆ ಭಾವ ಅವರಲ್ಲಿ ತಾನಾಗಿಯೇ ಮೂಡುವಂತೆ ವರ್ಣಿಸು ಎಂಬುದು ಇನ್ನೊಂದು ಭಾಗ.

ಹಾಗಾದರೆ ಬಲವಾದ ಪದವನ್ನು ಬಳಸಲೇಬಾರದೆ? ಖಂಡಿತ ಬಳಸಬೇಕು. ಆದರೆ ಮೊದಲು ಸಂಗತಿ, ಆಮೇಲೆ ಬಿರುದು. ಶ್ರವಣಬೆಳಗೊಳದ ಗೊಮ್ಮಟನನ್ನು ಕುರಿತು ಬರೆಯುವಾಗ ಮೊದಲ ವಾಕ್ಯದಲ್ಲಿಯೇ ‘ಮ್ಯಾಗ್ನಿಫಿಸೆಂಟ್’ ಎಂದರೆ ಓದುವವನು ತಲೆದೂಗಿ ಮುಂದೆ ಹೋಗುತ್ತಾನೆ, ಅಷ್ಟೆ. ಮೆಟ್ಟಿಲುಗಳನ್ನು ಹತ್ತಿ ಬೆಟ್ಟದ ನೆತ್ತಿಗೆ ಬಂದದ್ದನ್ನು ಹೇಳಿರಿ. ಸುಮಾರು ೫೭ ಅಡಿ ಎತ್ತರದ ಮೂರ್ತಿ ಒಂದೇ ಕಲ್ಲಿನದೆಂಬುದನ್ನು ಹೇಳಿರಿ. ಚಾವಣಿಯಿಲ್ಲದೆ ಸಾವಿರ ವರ್ಷಗಳ ಬಿಸಿಲು ಮಳೆಗಳಿಗೆ ಒಡ್ಡಿಕೊಂಡೂ ಆ ಮುಖದ ಶಾಂತಿ ಕದಡಿಲ್ಲವೆಂಬುದನ್ನು ಹೇಳಿರಿ. ಆಮೇಲೆ ಆ ಒಂದು ಪದವನ್ನು ಒಂದೇ ಒಂದು ಸಲ ಇಡಿರಿ. ಆಗ ಅದು ನಿಮ್ಮ ಮಾತಾಗಿರುವುದಿಲ್ಲ. ಓದುವವನ ಬಾಯಿಗೆ ತಾನಾಗಿ ಬಂದ ಮಾತಾಗಿರುತ್ತದೆ.

ಇಷ್ಟೆಲ್ಲ ತಿಳಿದೂ ನಾವು ದೊಡ್ಡ ಪದಗಳಿಗೆ ಕೈಚಾಚುವುದೇಕೆ? ಒಳಗಿನ ಕಾರಣ ಅಂಜಿಕೆಯೆಂದು ನನಗೆ ತೋರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಕಾಲೇಜಿಗೆ ಬಂದ ನಮಗೆ, ‘ಗುಡ್’ ಎಂದು ಬರೆದರೆ ಇಂಗ್ಲಿಷ್ ಬಾರದವರೆಂದು ತಿಳಿದಾರೆಂಬ ಭಯ. ಮನೆಯಲ್ಲಿ ಸರಳವಾಗಿ ‘ಚೆನ್ನಾಗಿದೆ’ ಎನ್ನುವವರು ಕಾಗದದ ಮೇಲೆ ಜರಿಪೇಟ ಸುತ್ತಿ ನಿಲ್ಲುತ್ತೇವೆ. ಆದರೆ ಸರಿಯಾದ ಎಡೆಯಲ್ಲಿ ನಿಂತ ‘ಗುಡ್’ ಎಂಬ ಪದಕ್ಕಿಂತ ಗೌರವವಾದ ಪದ ಇಂಗ್ಲಿಷಿನಲ್ಲಿ ಹೆಚ್ಚಿಲ್ಲ.

ಇದು ಕೇವಲ ಶೈಲಿಯ ಪ್ರಶ್ನೆಯೂ ಅಲ್ಲ. ಬಡ ವಿದ್ಯಾರ್ಥಿಯೊಬ್ಬ ವಿದ್ಯಾರ್ಥಿವೇತನಕ್ಕೋ ಮೇಲಿನ ವ್ಯಾಸಂಗಕ್ಕೋ ಅರ್ಜಿ ಹಾಕುವಾಗ ಅಧ್ಯಾಪಕರ ಶಿಫಾರಸು ಪತ್ರವನ್ನು ಜೊತೆಗಿಡುತ್ತಾನೆಂದು ಭಾವಿಸೋಣ. ಅವನನ್ನು ಕಾಣದ, ಅವನ ಊರನ್ನು ಕೇಳರಿಯದ ಯಾರೋ ಅದನ್ನು ಓದುತ್ತಾರೆ. ‘ಎಕ್ಸಲೆಂಟ್ ಸ್ಟೂಡೆಂಟ್’ ಎಂಬ ಮಾತು ಅವರ ಮೇಜಿನ ಮೇಲಿರುವ ಪ್ರತಿಯೊಂದು ಪತ್ರದಲ್ಲಿಯೂ ಇರುತ್ತದೆ. ಅದರ ಬದಲು, ಈತನು ದಿನವೂ ಎರಡು ಬಸ್ಸುಗಳನ್ನು ಹಿಡಿದು ಬಂದರೂ ಒಂದು ತರಗತಿಯನ್ನೂ ತಪ್ಪಿಸಲಿಲ್ಲ, ಪಠ್ಯದಲ್ಲಿಲ್ಲದ ನಾಟಕಗಳನ್ನು ಗ್ರಂಥಾಲಯದಿಂದ ತಂದು ಓದಿ ಪ್ರಶ್ನೆ ಕೇಳುತ್ತಿದ್ದನು ಎಂದು ನಿಜವನ್ನೇ ಬರೆದು, ಕೊನೆಯಲ್ಲಿ ‘ಗುಡ್’ ಎಂದರೂ ಸಾಕು. ಆ ಹುಡುಗ ಓದುವವರ ಕಣ್ಣೆದುರು ನಿಲ್ಲುತ್ತಾನೆ. ಒಂದು ಸವೆದ ಪದದಿಂದ ಅರ್ಹನೊಬ್ಬನ ದಾರಿ ಮುಚ್ಚಿಹೋಗುವುದೂ, ಒಂದು ನಿಜವಾದ ಸಂಗತಿಯಿಂದ ಅದು ತೆರೆಯುವುದೂ ಸಾಧ್ಯ.

ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವೇ ಕಾವ್ಯದ ಜೀವವೆಂದನು. ಸೊಂಟದ ಪಟ್ಟಿಯನ್ನು ಕೊರಳಿಗೂ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡರೆ ನಗು ಬಾರದಿರುವುದಿಲ್ಲ. ಒಡವೆ ಚಿನ್ನದ್ದೇ ಆದರೂ ಎಡೆ ತಪ್ಪಿದರೆ ಅಂದಗೆಡುತ್ತದೆ. ಅವನು ಸಂಸ್ಕೃತ ಕಾವ್ಯಕ್ಕೆ ಹೇಳಿದ ಈ ಮಾತು ನಮ್ಮ ಇಂಗ್ಲಿಷ್ ಪ್ರಬಂಧಕ್ಕೂ ಸಲ್ಲುತ್ತದೆ. ಅತಿಯಾದರೆ ಅಮೃತವೂ ವಿಷವೆಂಬ ನಮ್ಮ ಗಾದೆ ಹೊಗಳಿಕೆಗೂ ಒಪ್ಪುವಂಥದೇ.

ಮುಂದಿನ ವರ್ಷದ ವರದಿಯನ್ನು ಬರೆಯುವ ಸಹಪಾಠಿಗಳಲ್ಲಿ ಒಂದೇ ವಿನಂತಿ. ದೊಡ್ಡ ಪದವನ್ನು ಬರೆಯುವ ಮುನ್ನ ಲೇಖನಿಯನ್ನು ಒಂದು ಕ್ಷಣ ತಡೆದು, ‘ಇದಕ್ಕೆ ನನ್ನಲ್ಲಿ ಸಾಕ್ಷಿಯುಂಟೆ?’ ಎಂದು ಕೇಳಿಕೊಳ್ಳಿರಿ. ಇದ್ದರೆ ಮೊದಲು ಸಾಕ್ಷಿಯನ್ನು ಬರೆಯಿರಿ. ಇಲ್ಲದಿದ್ದರೆ ಉಪ್ಪಿಟ್ಟು ಚೆನ್ನಾಗಿತ್ತೆಂದಷ್ಟೇ ಬರೆಯಿರಿ. ಮಾಡಿದವರಿಗೂ ಅದರಿಂದ ಸಂತೋಷವೇ ಆದೀತು.