ಹಳೆಯ ಕಾಫಿ ಯಂತ್ರಕ್ಕೆ ಮರುಜೀವ: ಹೊಳಪಿಗಿಂತ ಮೊದಲು ಒಳಗನ್ನು ನೋಡಿ

ವಿದೇಶದಲ್ಲಿರುವ ತಮ್ಮನೋ ಮಗಳೋ ಊರಿಗೆ ಬರುವಾಗ ಹಳೆಯ ಎಸ್ಪ್ರೆಸೊ ಕಾಫಿ ಯಂತ್ರವೊಂದನ್ನು ತಂದುಕೊಟ್ಟಿರಬಹುದು. ಇಲ್ಲವೇ ಗುಜರಿ ಅಂಗಡಿಯಲ್ಲಿ ಕಣ್ಣಿಗೆ ಬಿದ್ದು ನೀವೇ ಕೊಂಡಿರಬಹುದು. ಭಾನುವಾರ ಕುಳಿತು ಅದನ್ನು ಉಜ್ಜಿ ಬೆಳಗಿ, ನೀರು ತುಂಬಿ, ಪ್ಲಗ್ ಹಾಕಿ ಮನೆಮಂದಿಗೆಲ್ಲ ಕಾಫಿ ಕೊಡಬೇಕೆಂಬ ಆಸೆ ಸಹಜ. ಆದರೆ ಸ್ವಲ್ಪ ತಾಳಿ. ಹೊರಗಿನ ಹೊಳಪು ಕೊನೆಯ ಕೆಲಸ. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಮೂರು ಸಂಗತಿಗಳಿವೆ: ವಿದ್ಯುತ್ತು, ಹಬೆ ಮತ್ತು ಲೋಹ.

ಇದು ಕುಕ್ಕರಿನ ನೆಂಟ

ನಮ್ಮ ಕಾಫಿ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ಕೆಳಗಿಳಿಯುತ್ತದೆ. ಎಸ್ಪ್ರೆಸೊದಲ್ಲಿ ಹಾಗಲ್ಲ. ಇಲ್ಲಿ ನೀರನ್ನು ವಾತಾವರಣದ ಒತ್ತಡದ ಎಂಟು-ಒಂಬತ್ತು ಪಟ್ಟು ಒತ್ತಡದಲ್ಲಿ ನುಣ್ಣನೆಯ ಪುಡಿಯೊಳಗೆ ತಳ್ಳಲಾಗುತ್ತದೆ. ಅರ್ಧ ನಿಮಿಷದಲ್ಲಿ ಸುಮಾರು 30 ಮಿಲಿ ಲೀಟರ್ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಇಟಲಿಯ ಅಕಿಲೆ ಗಜ್ಜಾ ಎಂಬಾತ 1940ರ ದಶಕದ ಕೊನೆಯಲ್ಲಿ ಹಿಡಿಯನ್ನು ಎಳೆದು ಇಂಥ ಒತ್ತಡ ಹುಟ್ಟಿಸುವ ಯಂತ್ರವನ್ನು ಬಳಕೆಗೆ ತಂದ. ಮಿಲಾನ್ ನಗರದ ಲಾ ಪವೋನಿ ಕಂಪನಿಯ ಯೂರೋಪಿಕ್ಕೊಲಾ ಎಂಬ ಪುಟ್ಟ ಯಂತ್ರ 1961ರಲ್ಲಿ ಬಂದು ಮನೆಗಳ ಅಡುಗೆಕೋಣೆ ಸೇರಿತು. ಈ ಲೇಖನದಲ್ಲಿ ಅದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಇದರ ಬಾಯ್ಲರಿನಲ್ಲಿ ಮುಕ್ಕಾಲು ಲೀಟರಿನಷ್ಟು ನೀರು ಹಿಡಿಯುತ್ತದೆ. ಒತ್ತಡ ಏರಿದಾಗ ಒಳಗಿನ ನೀರಿನ ಶಾಖ 115 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪ್ರೆಷರ್ ಕುಕ್ಕರಿಗೆ ಯಾವ ಎಚ್ಚರ ಬೇಕೋ ಇದಕ್ಕೂ ಅದೇ ಬೇಕು.

ಮೊದಲು ವಿದ್ಯುತ್ತು

ಯಂತ್ರದ ಅಡಿಯಲ್ಲಿ ಬರೆದಿರುವ ವೋಲ್ಟೇಜನ್ನು ಓದಿ. ಅಮೆರಿಕದಿಂದ ಬಂದದ್ದಾದರೆ 120 ವೋಲ್ಟ್ ಇರುತ್ತದೆ. ನಮ್ಮ ಮನೆಯದು 230. ನೇರವಾಗಿ ಜೋಡಿಸಿದರೆ ಹೀಟರ್ ತನ್ನ ಸಾಮರ್ಥ್ಯದ ಮೂರೂವರೆ ಪಟ್ಟಿಗೂ ಹೆಚ್ಚು ಶಾಖ ಹೊಮ್ಮಿಸಿ ಸುಟ್ಟುಹೋಗುತ್ತದೆ.

ಹಳೆಯ ವೈರಿನ ಹೊದಿಕೆ ಬಿರಿದಿದ್ದರೆ ಟೇಪು ಸುತ್ತಬೇಡಿ, ವೈರನ್ನೇ ಬದಲಿಸಿ. ಪ್ಲಗ್ ಮೂರು ಪಿನ್ನಿನದಾಗಿರಲಿ. ಯಂತ್ರದ ಮೈಯೆಲ್ಲ ಲೋಹ, ಮುಟ್ಟುವ ಕೈ ಸಾಮಾನ್ಯವಾಗಿ ಒದ್ದೆ. ಅರ್ತಿಂಗ್ ಇಲ್ಲದಿದ್ದರೆ ಒಂದು ಸಣ್ಣ ಸೋರಿಕೆಯೂ ಪ್ರಾಣಕ್ಕೆ ಎರವಾಗಬಹುದು. ಬಹುಕಾಲ ಬಳಸದ ಹೀಟರ್ ತೇವ ಹೀರಿಕೊಂಡಿರುವ ಸಾಧ್ಯತೆಯಿದೆ. ಅನುಭವಿ ಎಲೆಕ್ಟ್ರಿಷಿಯನ್ ಒಬ್ಬರಿಂದ ಮೆಗ್ಗರ್ ಪರೀಕ್ಷೆ ಮಾಡಿಸಿದ ನಂತರವೇ ಸ್ವಿಚ್ ಹಾಕಿ. ಇದೊಂದನ್ನು ಮಾತ್ರ ಸ್ವಂತ ಕೈಯಿಂದ ಮಾಡುವ ಹಟ ಬೇಡ.

ಹಬೆಯ ಹೊಡೆತ

ಯೂರೋಪಿಕ್ಕೊಲಾದ ಮೊದಲ ಮಾದರಿಗಳಲ್ಲಿ ಒತ್ತಡ ಏರಿದೊಡನೆ ಹೀಟರನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಇರಲಿಲ್ಲ. ಬಳಸುವವರೇ ನೋಡಿಕೊಂಡು ಶಾಖವನ್ನು ತಗ್ಗಿಸಬೇಕಿತ್ತು. ಹೆಚ್ಚಾದ ಒತ್ತಡವನ್ನು ಹೊರಬಿಡುವ ಕವಾಟವೇ ಆಗ ಕಾವಲುಗಾರ. ಅದು ಸುಣ್ಣ ಕಟ್ಟಿ ಮುಚ್ಚಿಹೋಗಿದ್ದರೆ ಗತಿಯೇನು? ಆದ್ದರಿಂದ ಮೊದಲು ಬಿಚ್ಚಿ ಶುಚಿ ಮಾಡಬೇಕಾದ ಭಾಗ ಆ ಸುರಕ್ಷಾ ಕವಾಟ. ಒಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ಹೊಸದನ್ನೇ ಹಾಕಿ.

ಬಾಯ್ಲರಿನ ಮುಚ್ಚಳವನ್ನು ಬಿಸಿಯಾಗಿರುವಾಗ ಎಂದೂ ತಿರುಗಿಸಬೇಡಿ. ಸ್ವಿಚ್ ಆರಿಸಿ, ಹಬೆಯ ನಳಿಗೆಯನ್ನು ತೆರೆದು ಒತ್ತಡ ಪೂರ್ತಿ ಇಳಿದ ಮೇಲೆಯೇ ತೆಗೆಯಬೇಕು. ನೀರಿಲ್ಲದೆ ಹೀಟರ್ ಹಾಕಲೇಬಾರದು.

ಒಂದು ವೇಳೆ ಹಬೆ ತಾಗಿದರೆ ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಬಳೆ, ಉಂಗುರಗಳನ್ನು ತೆಗೆಯಿರಿ. ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ. ಮುಖ, ಕೈ ಅಥವಾ ಮಕ್ಕಳ ಮೈ ಸುಟ್ಟಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ.

ಸುಣ್ಣದ ಪದರ ಮತ್ತು ಸೀಸ

ಗಡಸು ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಪದರ ಕಟ್ಟುವುದನ್ನು ನೀವು ನೋಡಿದ್ದೀರಿ. ಬಾಯ್ಲರಿನೊಳಗೂ ಇರುವುದು ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಅದನ್ನು ಕರಗಿಸಲು ನಿಂಬೆಯ ಹುಳಿಗೆ ಕಾರಣವಾದ ಸಿಟ್ರಿಕ್ ಆಮ್ಲ ಸಾಕು. ಒಂದು ಲೀಟರ್ ಬೆಚ್ಚನೆಯ ನೀರಿಗೆ 20 ಗ್ರಾಂ ಬೆರೆಸಿ, ಮುಚ್ಚಳ ತೆರೆದಿಟ್ಟು, ಹೀಟರ್ ಹಾಕದೆ ಅರ್ಧ ಗಂಟೆ ಬಿಡಿ. ನೊರೆ ಬರುವುದು ನಿಂತಾಗ ಚೆಲ್ಲಿ. ರಾತ್ರಿಯಿಡೀ ನೆನೆಯಲು ಬಿಡಬೇಡಿ.

ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತೆಂದು ಕಾಫಿಗೆ ಕೂರುತ್ತಾರೆ. ತಪ್ಪುವುದು ಇಲ್ಲಿಯೇ. ಹುಣಸೆಹುಳಿ ಹಾಕಿದ ಸಾರನ್ನು ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಇಡಬಾರದೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಮಾತು ಇದಕ್ಕೂ ಅನ್ವಯಿಸುತ್ತದೆ. ಹಳೆಯ ಯಂತ್ರಗಳ ಬಾಯ್ಲರ್ ಮತ್ತು ನಲ್ಲಿಗಳು ಹೆಚ್ಚಾಗಿ ಹಿತ್ತಾಳೆಯವು. ಕಡೆಯಲು ಸುಲಭವಾಗಲೆಂದು ಅಂಥ ಹಿತ್ತಾಳೆಗೆ ಶೇಕಡ 2-3ರಷ್ಟು ಸೀಸ ಬೆರೆಸುವ ರೂಢಿಯಿತ್ತು. ಸುಣ್ಣದ ಪದರ ಇರುವವರೆಗೆ ಲೋಹ ಒಂದಿಷ್ಟು ಮರೆಯಲ್ಲಿರುತ್ತದೆ. ಪದರ ಹೋದೊಡನೆ ಆಮ್ಲ ತಾಗಿದ ಬರಿಯ ಲೋಹ ನೀರಿಗೆ ಸಿಗುತ್ತದೆ. ಸುಣ್ಣ ತೆಗೆದ ಬಳಿಕ ಇಂಥ ಕಾಫಿ ಯಂತ್ರದಿಂದ ಸೀಸ ಹೆಚ್ಚಿನ ಪ್ರಮಾಣದಲ್ಲಿ ಹೊರಬರಬಲ್ಲದು ಎಂದು ಜರ್ಮನಿಯ ಸರಕಾರಿ ಸಂಸ್ಥೆಯೊಂದು 2013ರಲ್ಲಿ ಎಚ್ಚರಿಸಿತ್ತು.

ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಮಕ್ಕಳ ಮಿದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಗರ್ಭಿಣಿಯಿಂದ ಶಿಶುವಿಗೂ ದಾಟುತ್ತದೆ, ದೊಡ್ಡವರಲ್ಲಿ ರಕ್ತದ ಒತ್ತಡ ಹೆಚ್ಚಿಸಿ ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ಹೀಗಾಗಿ ಕುಡಿದು ತಿಳಿಯುವಂತಿಲ್ಲ.

ಆದ್ದರಿಂದ ಆಮ್ಲ ಚೆಲ್ಲಿದ ಮೇಲೆ ಶುದ್ಧ ನೀರಿನಿಂದ ಮೂರು ಬಾರಿ ತೊಳೆಯಿರಿ. ಬಳಿಕ ನೀರು ತುಂಬಿ, ಕಾಯಿಸಿ, ಎಲ್ಲ ದಾರಿಗಳಿಂದಲೂ ಹರಿಸಿ ಚೆಲ್ಲಿ. ಹೀಗೆ ಹಲವು ಬಾರಿ ಮಾಡಿ. ಕೊನೆಯ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಇನ್ನೂ ಒಳ್ಳೆಯದು. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂಬುದು ಭಾರತೀಯ ಮಾನಕ. ಫಲಿತಾಂಶ ತಿಳಿಯುವ ತನಕ ಗರ್ಭಿಣಿಯರಿಗೂ ಮಕ್ಕಳಿಗೂ ಆ ಯಂತ್ರದ ನೀರು, ಅದರಲ್ಲಿ ಕಾಯಿಸಿದ ಹಾಲು ಬೇಡ.

ರಬ್ಬರ್, ಹಾಲು, ಕಲ್ನಾರು

ಗಟ್ಟಿಯಾಗಿ ಬಿರಿದ ರಬ್ಬರ್ ವಾಷರುಗಳನ್ನೆಲ್ಲ ಬದಲಿಸಿ. ಆಹಾರಕ್ಕೆ ಯೋಗ್ಯವಾದ ಸಿಲಿಕೋನ್ ವಾಷರ್ ಇರಲಿ. ಜಾರಲು ಹಚ್ಚುವ ಗ್ರೀಸೂ ಅಂಥದ್ದೇ ಆಗಿರಲಿ. ವ್ಯಾಸಲೀನ್, ವಾಹನದ ಗ್ರೀಸ್ ಕೂಡದು. ಹಾಲು ಕಾಯಿಸುವ ನಳಿಗೆಯನ್ನು ಬಳಸಿದ ತಕ್ಷಣ ಒದ್ದೆ ಬಟ್ಟೆಯಿಂದ ಒರೆಸಿ, ಒಮ್ಮೆ ಹಬೆ ಬಿಡಿ. ಒಳಗೆ ಉಳಿದ ಹಾಲಿನಲ್ಲಿ ರೋಗಾಣುಗಳು ಬೆಳೆಯುತ್ತವೆ.

ಬಹಳ ಹಳೆಯ ಯಂತ್ರದಲ್ಲಿ ಬಾಯ್ಲರಿನ ಸುತ್ತ ಅಥವಾ ಹೀಟರಿನ ಬುಡದಲ್ಲಿ ನಾರುನಾರಾದ ಬೂದು-ಬಿಳಿ ಪದರ ಕಂಡರೆ ಅದು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳು ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಕೆರೆಯಬೇಡಿ, ಊದಬೇಡಿ, ಉಜ್ಜುಕಾಗದ ಹಾಕಬೇಡಿ. ಅಂಥ ಯಂತ್ರ ಶೋಕೇಸಿನಲ್ಲಿ ಇದ್ದರೇ ಚೆಂದ.

ಬಳಸುವಾಗ ನೆನಪಿಡಿ

ಬಾಯ್ಲರಿನಲ್ಲಿ ರಾತ್ರಿ ನೀರು ಉಳಿಸಬೇಡಿ. ಲೋಹದ ಜೊತೆ ನೀರು ಹೆಚ್ಚು ಹೊತ್ತು ಇದ್ದಷ್ಟೂ ಸೀಸ ಹೆಚ್ಚು ಸೇರುತ್ತದೆ. ಬೆಳಿಗ್ಗೆ ಹೊಸ ನೀರು ತುಂಬಿ, ಮೊದಲ ಲೋಟದಷ್ಟು ನೀರನ್ನು ಚೆಲ್ಲಿ. ಗಡಸು ನೀರಿನ ಬದಲು ಮೆದು ನೀರು ಬಳಸಿದರೆ ಪದೇ ಪದೇ ಆಮ್ಲ ಹಾಕುವ ಪ್ರಮೇಯವೇ ಬರುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಮೆತ್ತನೆಯ ಬಟ್ಟೆ ಹಿಡಿದು ಹೊರಮೈಯನ್ನು ಕನ್ನಡಿಯಂತೆ ಬೆಳಗಿ. ಆಗ ಬರುವ ಕಾಫಿಯನ್ನು ಮನೆಯವರಿಗೆ ಧೈರ್ಯವಾಗಿ ಕೊಡಬಹುದು.