ಅವಧಾನವೂ ಗೃಹಕೃತ್ಯವೂ

ಚಿತ್ತವನ್ನು ಒಂದೆಡೆ ನಿಲ್ಲಿಸುವುದು ಯೋಗಿಗಳಿಗೂ ವಿದ್ಯಾರ್ಥಿಗಳಿಗೂ ಮಾತ್ರ ಬೇಕಾದ ಗುಣವೆಂದು ಅನೇಕರು ಎಣಿಸುವುದುಂಟು. ವಿಚಾರಮಾಡಿ ನೋಡಿದರೆ ಗೃಹಸ್ಥರಿಗೆ ಅದರ ಅವಶ್ಯಕತೆ ಇನ್ನೂ ಹೆಚ್ಚು. ಯೋಗಿಗೆ ಧ್ಯೇಯವೊಂದೇ; ವಿದ್ಯಾರ್ಥಿಗೆ ಪಾಠವೊಂದೇ. ಗೃಹಸ್ಥರಿಗಾದರೋ ಉದ್ಯೋಗ, ಅಡುಗೆ, ಮಕ್ಕಳು, ವೃದ್ಧರು, ಆರೋಗ್ಯ, ಆಯವ್ಯಯ ಎಲ್ಲವೂ ಒಮ್ಮೆಗೇ ಎದುರು ಬಂದು ನಿಲ್ಲುತ್ತವೆ.

ಬೆಂಗಳೂರಿನ ಉತ್ತರದಲ್ಲಿ, ಯಲಹಂಕದ ನೆರೆಯಲ್ಲಿರುವ ಕೋಗಿಲು ಗ್ರಾಮವನ್ನೇ ನೋಡೋಣ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಬಳ್ಳಾರಿ ರಸ್ತೆಯಲ್ಲಿ ವಾಹನಗಳ ಓಡಾಟಕ್ಕೆ ಹಗಲಿರುಳೆಂಬ ಭೇದವಿಲ್ಲ. ಆ ರಸ್ತೆಯಲ್ಲಿ ಬಳಲಿ ಮನೆ ಸೇರಿದವರ ಹಿಂದೆಯೇ ಕಚೇರಿಯೂ ಮೊಬೈಲಿನೊಳಗೆ ಕುಳಿತು ಬರುತ್ತದೆ. ತಂದೆ ತುತ್ತೆತ್ತುವಾಗ ಒಂದು ಸಂದೇಶ. ತಾಯಿ ಮಗುವಿನ ಮಗ್ಗಿ ಕೇಳುವಾಗ ಮತ್ತೊಂದು. ದೇಹ ಮನೆಯಲ್ಲಿದ್ದರೂ ಮನಸ್ಸು ಮನೆಗೆ ಬಂದಿರುವುದಿಲ್ಲ.

ಇದಕ್ಕೆ ಪರಿಹಾರವನ್ನು ಸೂಚಿಸುವ ಕಲೆಯೊಂದು ನಮ್ಮ ನಾಡಿನಲ್ಲಿಯೇ ಇದೆ. ಅದರ ಹೆಸರೇ ಅವಧಾನ, ಎಂದರೆ ಗಮನ. ಅಷ್ಟಾವಧಾನದ ಸಭೆಯಲ್ಲಿ ಎಂಟು ಮಂದಿ ಪೃಚ್ಛಕರು ಪ್ರಶ್ನೆಗಳನ್ನೊಡ್ಡುತ್ತಾರೆ. ಒಬ್ಬರು ಸಮಸ್ಯೆಯ ಸಾಲನ್ನಿತ್ತು ಪದ್ಯವನ್ನು ತುಂಬಿಸಿಕೊಡಬೇಕೆನ್ನುತ್ತಾರೆ; ಒಬ್ಬರು ತಾವು ಕೊಟ್ಟ ಪದಗಳೆಲ್ಲ ಬರುವಂತೆ ಪದ್ಯವನ್ನು ಬೇಡುತ್ತಾರೆ; ಇನ್ನೊಬ್ಬರು ಅಕ್ಷರಗಳಿಗೆ ನಿಷೇಧ ಹಾಕುತ್ತ ಹೋಗುತ್ತಾರೆ. ಅವಧಾನಿಯು ಲೇಖನಿಯನ್ನು ಮುಟ್ಟದೆ, ಸುತ್ತಿಗೊಂದು ಪಾದದಂತೆ ರಚಿಸುತ್ತ, ಕಡೆಯಲ್ಲಿ ಪದ್ಯಗಳನ್ನು ಪೂರ್ಣವಾಗಿ ನೆನಪಿನಿಂದ ಒಪ್ಪಿಸತಕ್ಕದ್ದು. ನಡುನಡುವೆ ಸಂಬಂಧವಿಲ್ಲದ ಮಾತನ್ನೆತ್ತಿ ಅವಧಾನಿಯ ಚಿತ್ತವನ್ನು ಕದಡುವುದೇ ಅಪ್ರಸ್ತುತಪ್ರಸಂಗಿ ಎಂಬ ಪೃಚ್ಛಕರ ಕೆಲಸ. ಶತಾವಧಾನಿ ಡಾ. ಆರ್. ಗಣೇಶರು 2012ರಲ್ಲಿ ಬೆಂಗಳೂರಿನಲ್ಲಿ ಸಂಪೂರ್ಣವಾಗಿ ಕನ್ನಡದಲ್ಲಿಯೇ ಶತಾವಧಾನವನ್ನು ನಡೆಸಿದರು. ಅಲ್ಲಿ ಪೃಚ್ಛಕರ ಸಂಖ್ಯೆ ನೂರು!

ನೋಡುವವರಿಗೆ ಅನೇಕ ಕಾರ್ಯಗಳು ಏಕಕಾಲದಲ್ಲಿ ನಡೆಯುವಂತೆ ತೋರುತ್ತದೆ. ಆದರೆ ಯಾವ ಕ್ಷಣದಲ್ಲಿಯೂ ಅವಧಾನಿಯ ಮುಂದಿರುವವರು ಒಬ್ಬರೇ ಪೃಚ್ಛಕರು, ಹೇಳಬೇಕಾದುದು ಒಂದೇ ಪಾದ. ಅಪ್ರಸ್ತುತಪ್ರಸಂಗಿಗೂ ಅವರು ನಗುತ್ತ ಉತ್ತರ ಕೊಡುತ್ತಾರೆ. ಕೊಟ್ಟು ತಮ್ಮ ಪದ್ಯಕ್ಕೆ ಹಿಂದಿರುಗುತ್ತಾರೆ. ಸಭೆಯಲ್ಲಿ ಅವನಿಗೆ ಮೀಸಲಾದುದು ಎಂಟರಲ್ಲಿ ಒಂದೇ ಪೀಠ. ನಮ್ಮ ಮನೆಗಳಲ್ಲಿ ಮೊಬೈಲೆಂಬ ಅಪ್ರಸ್ತುತಪ್ರಸಂಗಿಯು ಎಂಟು ಪೀಠಗಳನ್ನೂ ಆಕ್ರಮಿಸಿರುವುದೇ ತೊಂದರೆಗೆ ಮೂಲ.

ಕೆಲಸದಿಂದ ಕೆಲಸಕ್ಕೆ ಹಾರುವುದರಿಂದಾಗುವ ನಷ್ಟವನ್ನು ಸೋಫೀ ಲೆರಾಯ್ ಎಂಬ ವಿದುಷಿಯು 2009ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ತೋರಿಸಿಕೊಟ್ಟಿದ್ದಾರೆ. ಒಂದನ್ನು ಮುಗಿಸದೆ ಮತ್ತೊಂದನ್ನು ಹಿಡಿದರೆ ಗಮನದ ಒಂದು ಪಾಲು ಹಿಂದಿನದಕ್ಕೇ ಅಂಟಿಕೊಂಡಿದ್ದು, ಹೊಸ ಕೆಲಸವು ಸೊರಗುತ್ತದೆ. ಹುಣಿಸೆ ಸಾರಿನ ಪಾತ್ರೆಯನ್ನು ತೊಳೆಯದೆ ಹಾಲು ಕಾಯಿಸಿದರೆ ಏನಾಗುವುದೆಂಬುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಕೆಲಸವನ್ನು ಬಿಟ್ಟೇಳುವಾಗ ಎಲ್ಲಿಗೆ ನಿಂತಿತು, ಮುಂದೇನು ಎಂಬುದನ್ನು ಚೀಟಿಯಲ್ಲಿ ಬರೆದಿಟ್ಟರೆ ಪಾತ್ರೆಯನ್ನು ತೊಳೆದಂತಾಗುತ್ತದೆ. ಊಟದ ವಿಷಯದಲ್ಲಿಯೂ ಇದೇ ನ್ಯಾಯ: ಮಾತು ನಗೆಗಳನ್ನು ಬಿಟ್ಟು, ಮನಸ್ಸಿಟ್ಟು ಉಣ್ಣಬೇಕೆಂದು ಚರಕಸಂಹಿತೆಯು ವಿಧಿಸಿದೆ.

ಆದರೆ ಮನೆಯಲ್ಲಿ ಒಬ್ಬರೇ ನಿಯಮ ಹಿಡಿದರೆ ಅದು ಬಹುಕಾಲ ನಿಲ್ಲದು. ನೆರೆಯ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿಯವರು ಇದನ್ನು ಚೆನ್ನಾಗಿ ಅರಿತಿದ್ದರು. ಕೊರೋನಾ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಮೊಬೈಲನ್ನು ಮಕ್ಕಳು ಶಾಲೆ ತೆರೆದ ಮೇಲೂ ಬಿಡದಿರಲು, 2022ರ ಆಗಸ್ಟಿನಲ್ಲಿ ಊರಿನ ಸ್ತ್ರೀಯರ ಸಭೆ ಸೇರಿಸಿ ಒಂದು ಕಟ್ಟುಪಾಡನ್ನು ಮಾಡಿದರು. ಸಂಜೆ 7 ಗಂಟೆಗೆ ದೇವಾಲಯದಿಂದ ಸೈರನ್ ಕೂಗಿದೊಡನೆ ಮೊಬೈಲು, ಟೀವಿಗಳನ್ನು ಆರಿಸುವುದು. 8-30ರ ವರೆಗೆ ಓದು, ಬರಹ, ಮಾತುಕತೆ. ಮಕ್ಕಳಿಗಷ್ಟೇ ಅಲ್ಲದೆ ಹಿರಿಯರಿಗೂ ಅದು ಅನ್ವಯಿಸಿತು.

ನಮ್ಮ ಬಡಾವಣೆಗಳಲ್ಲಿ ಸೈರನ್ ಕೂಗಿಸುವವರಿಲ್ಲ. ಪಾಳಿಯ ಕೆಲಸದವರೂ ಆಸ್ಪತ್ರೆಯ ಕರೆಗೆ ಕಾಯುವವರೂ ಇರುವಲ್ಲಿ ಎಲ್ಲರಿಗೂ ಒಂದೇ ಗಂಟೆ ಹೊಂದುವುದೂ ಇಲ್ಲ. ಪ್ರತಿಯೊಂದು ಮನೆಯೂ ತನಗೊಪ್ಪುವ ಅರ್ಧಗಂಟೆಯನ್ನು, ರಾತ್ರಿಯ ಊಟದ ಹೊತ್ತನ್ನಾದರೂ, ಒಟ್ಟಾಗಿ ಗೊತ್ತುಮಾಡಿಕೊಳ್ಳಬಹುದು. ಮೊಬೈಲುಗಳಿಗೆ ನಡುಮನೆಯ ಗೂಡೊಂದನ್ನು ಗುರುತಿಸಿ, ತುರ್ತಿನ ಕರೆಗೆ ಒಂದರಲ್ಲಿ ಮಾತ್ರ ಸದ್ದನ್ನುಳಿಸಬೇಕು. ಎಷ್ಟು ಯತ್ನಿಸಿದರೂ ಬಿಡಲಾರದ ಮಕ್ಕಳನ್ನು ಗದರಿಸಿ ಫಲವಿಲ್ಲ. ಅಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2014ರಲ್ಲಿಯೇ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆದಿದೆ.

ಗೂಡಿನಲ್ಲಿ ಮೊದಲು ಮೊಬೈಲನ್ನಿಡುವ ಕೈ ಮನೆಯ ಹಿರಿಯರದಾಗಿರಲಿ ಎಂಬುದಷ್ಟೇ ವಾಚಕರಲ್ಲಿ ನಮ್ಮ ವಿಜ್ಞಾಪನೆ.