ಫೋರ್ಕ್‌ಲಿಫ್ಟ್‌ಗೆ ಕಾರ್ಡಿನ ಕಾವಲು

ಗೋದಾಮುಗಳಲ್ಲಿ ಸರಕು ಎತ್ತಿ ಸಾಗಿಸುವ ಫೋರ್ಕ್‌ಲಿಫ್ಟ್‌ಗಳ ಪೈಕಿ ಹಲವಕ್ಕೆ ಒಂದೇ ಮಾದರಿಯ ಕೀಲಿ ಹೊಂದುವುದರಿಂದ, ತರಬೇತಿಯಿಲ್ಲದವರೂ ಅವನ್ನು ಚಾಲೂ ಮಾಡುವ ಅಪಾಯವಿದೆ. ಇದನ್ನು ತಡೆಯುವ ಪ್ರವೇಶ ನಿಯಂತ್ರಣ ಸಾಧನವು, ರೇಡಿಯೊ ತರಂಗಗಳ ಮೂಲಕ ಗುರುತಿನ ಸಂಖ್ಯೆಯನ್ನು ತಿಳಿಸುವ ಆರ್‌ಎಫ್‌ಐಡಿ ಕಾರ್ಡನ್ನು ಓದಿ, ಚಾಲಕನಿಗೆ ಅನುಮತಿ ಇದ್ದರೆ ಮಾತ್ರ ಕೀಲಿಯ ತಂತಿಯ ನಡುವೆ ಕೂರಿಸಿದ ರಿಲೇಯನ್ನು, ಅಂದರೆ ವಿದ್ಯುತ್ತಿನಿಂದ ನಡೆಯುವ ಸ್ವಿಚ್ಚನ್ನು, ಆನ್ ಮಾಡುತ್ತದೆ. ವೇಗದ ಹಠಾತ್ ಬದಲಾವಣೆಯನ್ನು ಅಳೆಯುವ ಸಂವೇದಕವು ಪ್ರತಿ ಢಿಕ್ಕಿಯನ್ನೂ ಆ ಚಾಲಕನ ಹೆಸರಿನಲ್ಲಿ ದಾಖಲಿಸುತ್ತದೆ.

ಜೋಡಣೆಯಲ್ಲಿ ಹೆಚ್ಚು ಎಚ್ಚರ ಬೇಡುವುದು ವಿದ್ಯುತ್ ಪೂರೈಕೆ. 24, 36, 48 ಅಥವಾ 80 ವೋಲ್ಟ್ ಬ್ಯಾಟರಿಯಿಂದ ನಡೆಯುವ ಈ ವಾಹನಗಳಲ್ಲಿ, ಕಾರುಗಳಲ್ಲಿರುವಂತೆ ಬ್ಯಾಟರಿಯ ಋಣ ತುದಿಗೂ ಲೋಹದ ಚೌಕಟ್ಟಿಗೂ ಸಾಮಾನ್ಯವಾಗಿ ಸಂಪರ್ಕವಿರುವುದಿಲ್ಲವಾದ್ದರಿಂದ, ಸಾಧನದ ಋಣ ತಂತಿಯನ್ನು ಹತ್ತಿರದ ಬೋಲ್ಟಿಗೆ ಬಿಗಿಯದೆ ಬ್ಯಾಟರಿಯ ಋಣ ತಂತಿಗೇ ಸೇರಿಸಬೇಕು, ಧನ ತಂತಿಯಲ್ಲಿ ಫ್ಯೂಸ್ ಇರಲೇಬೇಕು. ಚಲಿಸುತ್ತಿರುವಾಗ ರಿಲೇ ವಿದ್ಯುತ್ತನ್ನು ಕಡಿದರೆ ಸ್ಟೀರಿಂಗ್ ಕೈಕೊಡಬಹುದಾದ ಕಾರಣ, ವಾಹನ ನಿಂತ ಮೇಲೆಯೇ ಅದು ಆಫ್ ಆಗುವಂತೆ ಹೊಂದಿಸುವುದು ಅನಿವಾರ್ಯ. ಇಲ್ಲವಾದರೆ ಸುರಕ್ಷತೆಗೆಂದು ತಂದ ಸಾಧನವೇ ಅಪಘಾತಕ್ಕೆ ಕಾರಣವಾದೀತು.

ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆಯಾದ ಓಶಾದ ನಿಯಮದಂತೆ, ಫೋರ್ಕ್‌ಲಿಫ್ಟ್‌ನ ಸುರಕ್ಷಿತ ಚಾಲನೆಯ ಮೇಲೆ ಪರಿಣಾಮ ಬೀರುವ ಮಾರ್ಪಾಡನ್ನು ತಯಾರಕರ ಲಿಖಿತ ಪೂರ್ವಾನುಮತಿಯಿಲ್ಲದೆ ಮಾಡುವಂತಿಲ್ಲ.